ಆಸ್ಪತ್ರೆಗೆ ಗುದ್ದಲಿ ಹಾಕುವ ಮುನ್ನ

ಕಳೆದ ಕಾರ್ತಿಕದಲ್ಲಿ ನಮ್ಮ ಕಡೆಯ ಮಠವೊಂದರ ಭಕ್ತರು ಐದಾರು ಮಂದಿ ಮನೆಗೆ ಬಂದಿದ್ದರು. ಹಿರಿಯರೊಬ್ಬರ ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ. ಭಕ್ತರೊಬ್ಬರು ಎರಡು ಎಕರೆ ಜಮೀನನ್ನು ಮಠಕ್ಕೆ ಬಿಟ್ಟುಕೊಟ್ಟಿದ್ದಾರಂತೆ. ಅಲ್ಲಿ ನೂರು ಹಾಸಿಗೆಯ ಆಸ್ಪತ್ರೆ ಕಟ್ಟಬೇಕು, ಬರುವ ಬಸವ ಜಯಂತಿಗೆ ಗುದ್ದಲಿ ಪೂಜೆ, ಅಲ್ಲಿಂದ ಒಂದೂವರೆ ವರ್ಷಕ್ಕೆ ಉದ್ಘಾಟನೆ. “ಸಾಹೇಬರೇ, ನೀವು ಸರ್ಕಾರದಲ್ಲಿದ್ದಾಗ ಎಷ್ಟೋ ಆಸ್ಪತ್ರೆ ಕಟ್ಟಿಸಿದವರು. ಈ ಎಸ್ಟಿಮೇಟ್ ಒಂದ್ಸಲ ನೋಡಿಕೊಡಿ” ಎಂದರು. ಚಹಾ ಕುಡಿದು, ಶರಣು ಹೇಳಿ ಹೋದರು. ನಕ್ಷೆ ನನ್ನ ಮೇಜಿನ ಮೇಲೆ ಉಳಿಯಿತು.

ನೋಡಿದೆ. ಕಟ್ಟಡದ ಮಟ್ಟಿಗೆ ತಪ್ಪು ಹೇಳುವಂತಿಲ್ಲ. ಸ್ಟ್ರೆಚರ್ ತಿರುಗುವಷ್ಟು ಅಗಲದ ಓಣಿ ಬಿಟ್ಟಿದ್ದಾರೆ, ರ‍್ಯಾಂಪ್ ಇದೆ, ಎರಡು ಲಿಫ್ಟ್ ಇವೆ, ಹೆರಿಗೆ ಕೋಣೆ ಆಪರೇಷನ್ ಥಿಯೇಟರಿಗೆ ಹತ್ತಿರದಲ್ಲೇ ಇದೆ. ಮುಂಭಾಗದಲ್ಲಿ ಅಣ್ಣ ಬಸವಣ್ಣನವರ ಪುತ್ಥಳಿಗೆ ಪೀಠ, ಅದರ ಎರಡೂ ಬದಿ ದಾನಿಗಳ ಹೆಸರಿಗೆ ಗ್ರಾನೈಟ್ ಫಲಕ. ಎಸ್ಟಿಮೇಟನ್ನು ಕೊನೆಯ ಪುಟದವರೆಗೆ ಮಗುಚಿ ಹಾಕಿದರೂ ಸಿಗದೇ ಹೋದದ್ದು ಉದ್ಘಾಟನೆಯ ಮಾರನೆಯ ದಿನದ ಲೆಕ್ಕ. ನರ್ಸಿಗೆ ಸಂಬಳ ಎಲ್ಲಿಂದ, ನೀರು ಎಲ್ಲಿಂದ, ಕೆಟ್ಟ ಯಂತ್ರ ರಿಪೇರಿಗೆ ಹಣ ಎಲ್ಲಿಂದ ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ.

ಎದುರಿಗೇ ಹೇಳಿದ್ದರೆ ಒಳ್ಳೆಯ ಕೆಲಸಕ್ಕೆ ಅಡ್ಡಗಾಲು ಹಾಕಿದ ಎನ್ನುತ್ತಿದ್ದರೇನೋ. ಅದಕ್ಕೇ ಬರೆಯುತ್ತಿದ್ದೇನೆ. ಇದು ಒಂದು ಮಠದ ಮಾತೂ ಅಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ತಾಲ್ಲೂಕಿನಲ್ಲಿ ಕೋವಿಡ್ ಕಳೆದ ಮೇಲೆ ‘ನಮ್ಮದೇ ಒಂದು ಆಸ್ಪತ್ರೆ’ ಎಂಬ ಮಾತು ಅಲ್ಲಲ್ಲಿ ಕೇಳುತ್ತಲೇ ಇದೆ. ಆ ಎರಡು ವರ್ಷ ಒಂದು ಹಾಸಿಗೆಗಾಗಿ ಬೆಂಗಳೂರಿನ ಬಾಗಿಲು ಬಾಗಿಲು ತಟ್ಟಿ ಬಂದವರ ಮನಸ್ಸಿನಿಂದ ಬಂದ ಮಾತು ಅದು. ಮಾತಿಗೆ ನನ್ನ ತಕರಾರಿಲ್ಲ. ಸಮುದಾಯದ ಆಸ್ಪತ್ರೆಗಳು ನಮ್ಮ ನಾಡಿನಲ್ಲಿ ಹೇಗೆ ಹುಟ್ಟಿದವು, ಹೇಗೆ ಬೆಳೆದವು ಎಂಬುದನ್ನು ಒಮ್ಮೆ ನೋಡಿಕೊಂಡು ಹೆಜ್ಜೆ ಇಡೋಣ ಎಂಬುದಷ್ಟೇ ನನ್ನ ಅರಿಕೆ.

ಮೊದಲು ನಮ್ಮೂರಿನಿಂದಲೇ ಶುರು ಮಾಡುತ್ತೇನೆ. ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದ ಕಾಲ. 1930ರ ದಶಕದಲ್ಲಿ ಮೈಸೂರು ಸರ್ಕಾರವು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವು ಪಡೆದು ಇಲ್ಲಿ ಒಂದು ಆರೋಗ್ಯ ಘಟಕವನ್ನು ತೆರೆಯಿತು. ಆಗ ಇಡೀ ಇಂಡಿಯಾದಲ್ಲಿ ಅಂಥ ಘಟಕಗಳಿದ್ದದ್ದು ಬೆರಳೆಣಿಕೆಯಷ್ಟು. ಬಂಗಾಳದಲ್ಲಿ ಸಿಂಗೂರು, ಮದರಾಸಿನ ಕಡೆ ಪೂನಮಲ್ಲಿ, ತಿರುವಾಂಕೂರಿನಲ್ಲಿ ನೆಯ್ಯಾಟಿಂಕರ, ಮೈಸೂರು ಸೀಮೆಯಲ್ಲಿ ನಮ್ಮ ಕ್ಲೋಸ್‌ಪೇಟೆ. ಆ ಘಟಕದ ಜೀವ ಹಾಸಿಗೆಯಲ್ಲಿರಲಿಲ್ಲ, ತಿರುಗಾಟದಲ್ಲಿತ್ತು. ಮನೆ ಮನೆಗೆ ಹೋಗುವ ಆರೋಗ್ಯ ಸಂದರ್ಶಕಿಯರು, ತರಬೇತಿ ಪಡೆದ ಸೂಲಗಿತ್ತಿಯರು, ಬಾವಿ ಮತ್ತು ಕಕ್ಕಸು ಗುಂಡಿ ನೋಡುವ ಆರೋಗ್ಯ ಇನ್‌ಸ್ಪೆಕ್ಟರುಗಳು, ಮೈಲಿ ಹಾಕಿಸುವವರು. ಹುಟ್ಟು ಸಾವಿನ ಲೆಕ್ಕವನ್ನು ಹಳ್ಳಿವಾರು ಬರೆದಿಡುವುದೂ ಆ ಕೆಲಸದ ಒಂದು ಭಾಗ. ಮುಂದೆ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ ದೇಶದ ತುಂಬ ಪ್ರಾಥಮಿಕ ಆರೋಗ್ಯ ಕೇಂದ್ರಗಳಾಗಬೇಕು ಎಂದು ಹೇಳುವ ಹೊತ್ತಿಗೆ, ಅಂಥದ್ದನ್ನು ನಡೆಸಿ ನೋಡಿದ ಅನುಭವ ನಮ್ಮ ಊರಿಗೆ ಇತ್ತು. ಇಂದು ರೇಷ್ಮೆಗೂಡಿನ ಮಾರುಕಟ್ಟೆಗೂ ‘ಶೋಲೆ’ ಸಿನಿಮಾದ ಬಂಡೆಗೂ ರಾಮನಗರ ಹೆಸರುವಾಸಿ. ಈ ಒಂದು ಹೆಗ್ಗಳಿಕೆಯನ್ನು ನಾವೇ ಮರೆತು ಕೂತಿದ್ದೇವೆ. ಹಳೇ ಮೈಸೂರಿನ ಎಷ್ಟೋ ಊರುಗಳಿಗೆ ಆರೋಗ್ಯ ಇನ್‌ಸ್ಪೆಕ್ಟರುಗಳನ್ನು ತಯಾರು ಮಾಡಿ ಕಳಿಸಿದ ಊರು ಇದು.

ಇನ್ನೊಂದು ಸಂಗತಿ. ಕಳೆದ ಶತಮಾನದಲ್ಲಿ ಈ ನೆಲ ಇಬ್ಬರು ಮಹಾನ್ ಮಠಾಧೀಶರನ್ನು ನಾಡಿಗೆ ಕೊಟ್ಟಿತು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಸಿದ್ಧಗಂಗೆಯ ಲಿಂಗೈಕ್ಯ ಡಾ. ಶಿವಕುಮಾರ ಮಹಾಸ್ವಾಮಿಗಳು. ಬಿಡದಿ ಬಳಿಯ ಬಾನಂದೂರಿನಲ್ಲಿ ಹುಟ್ಟಿದ ಆದಿಚುಂಚನಗಿರಿಯ ಬಾಲಗಂಗಾಧರನಾಥ ಸ್ವಾಮಿಗಳು. ಬಾನಂದೂರಿನ ಮಗ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಯಲಿನಲ್ಲಿ 1986ರಲ್ಲಿ ವೈದ್ಯಕೀಯ ಕಾಲೇಜು ತೆರೆದರು. ವೀರಾಪುರದ ಮಗನ ಮಠದ ಹೆಸರಿನ ಆಸ್ಪತ್ರೆ ತುಮಕೂರಿನಲ್ಲಿ ನಿಂತಿದೆ. ನಮ್ಮ ನಾಲ್ಕು ತಾಲ್ಲೂಕಿನ ಪಾಲಿಗೆ ಬಂದದ್ದು ಹುಟ್ಟೂರು ಎಂಬ ಹೆಮ್ಮೆ. ವೀರಾಪುರದಲ್ಲಿ 111 ಅಡಿಯ ಪುತ್ಥಳಿ ಮಾಡುತ್ತೇವೆಂದು ಸರ್ಕಾರ ಹೊರಟಿದ್ದೂ ಆಯಿತು. ಪೂಜ್ಯರು ಬದುಕಿದ್ದಿದ್ದರೆ ಅದಕ್ಕೆ ಏನೆನ್ನುತ್ತಿದ್ದರು ಎಂಬುದನ್ನು ಅವರನ್ನು ಹತ್ತಿರದಿಂದ ಬಲ್ಲವರ ಊಹೆಗೆ ಬಿಡುತ್ತೇನೆ.

ನಾನು ಬಿ.ಇ. ಓದಿದ್ದು ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಕಾಲೇಜಿನಲ್ಲಿ. 1963ರಲ್ಲಿ ಪೂಜ್ಯರೇ ಸ್ಥಾಪಿಸಿದ ಸಂಸ್ಥೆ. ಭಾನುವಾರಗಳಲ್ಲಿ ಗೆಳೆಯರೊಂದಿಗೆ ಮಠಕ್ಕೆ ಹೋಗಿ ಪ್ರಸಾದಕ್ಕೆ ಕೂರುತ್ತಿದ್ದೆ. ಸಾವಿರಾರು ಹುಡುಗರು ಸಾಲಾಗಿ ಕೂತು ಮುದ್ದೆ ಉಣ್ಣುವುದನ್ನು ನೋಡಿ, ಇಂಜಿನಿಯರಿಂಗ್ ಓದುವ ಹುಡುಗನಿಗೆ ಸಹಜವಾಗಿ ಬರುವ ಪ್ರಶ್ನೆ ನನಗೂ ಬಂದಿತ್ತು: ಇಷ್ಟು ರಾಗಿ ದಿನಾ ಎಲ್ಲಿಂದ ಬರುತ್ತದೆ? ಉಗ್ರಾಣದ ಕಡೆ ಹೋದಾಗ ಉತ್ತರ ಕಣ್ಣಿಗೇ ಬಿತ್ತು. ಸುಗ್ಗಿ ಮುಗಿದ ಮೇಲೆ ರೈತರು ಗಾಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ತಂದು ಸುರಿಯುತ್ತಿದ್ದರು. ಯಾರದೋ ಎರಡು ಮೂಟೆ ರಾಗಿ, ಯಾರದೋ ನೂರು ತೆಂಗಿನಕಾಯಿ, ಯಾರದೋ ಬೆಲ್ಲದ ಪಿಂಡಿ. ಅದರಲ್ಲಿ ಯಾವ ಮೂಟೆಯ ಮೇಲೂ ಕೊಟ್ಟವರ ಹೆಸರು ಕೆತ್ತಿರಲಿಲ್ಲ. ವರ್ಷ ವರ್ಷ ಬರುತ್ತಿದ್ದ, ಬರುವುದೆಂದು ಎಲ್ಲರಿಗೂ ಗೊತ್ತಿದ್ದ ಕಾಣಿಕೆ ಅದು. ಅಟವಿ ಸ್ವಾಮಿಗಳು ಹಚ್ಚಿದ ಒಲೆ ಇಂದಿಗೂ ಆರಿಲ್ಲ ಎಂಬುದು ಅಲ್ಲಿನವರ ನಂಬಿಕೆ. ಆ ಒಲೆ ಉರಿಯುತ್ತಿರುವುದು ಈ ಸಣ್ಣ ಕಾಣಿಕೆಗಳಿಂದ.

ಇಲಾಖೆಯ ಭಾಷೆಯಲ್ಲಿ ನಾವು ‘ನಿರ್ವಹಣಾ ವೆಚ್ಚ’ ಎನ್ನುವುದಕ್ಕೆ ಶರಣರ ಮಾತಿನಲ್ಲಿ ದಾಸೋಹ ಎಂದು ಹೆಸರು. ನೌಕರಿಯ ಮೂವತ್ತು ವರ್ಷ ನನಗೆ ಇದು ಹೊಳೆದಿರಲಿಲ್ಲ. ನಿವೃತ್ತನಾದ ಮೇಲೆ ಹೊಳೆಯಿತು.

ಈಗ ನಮ್ಮ ಸಮಾಜದ ದೊಡ್ಡ ಆಸ್ಪತ್ರೆಗಳ ಕಡೆ ಬರೋಣ. ಹೊಸ ಆಸ್ಪತ್ರೆಯ ಮಾತೆತ್ತಿದಾಗಲೆಲ್ಲ ಜನ ತೋರಿಸುವುದು ಎರಡನ್ನು. ಬೆಳಗಾವಿಯ ಕೆ.ಎಲ್.ಇ., ಮೈಸೂರಿನ ಜೆ.ಎಸ್.ಎಸ್. “ಅವರು ಮಾಡಿದರಲ್ಲ, ನಾವೇಕೆ ಮಾಡಬಾರದು?” ಮಾಡಬಹುದು. ಅವರು ಎಷ್ಟು ಕಾಲ ತೆಗೆದುಕೊಂಡರು ಎಂಬುದನ್ನೂ ನೋಡಬೇಕು.

ಕೆ.ಎಲ್.ಇ. ಸಂಸ್ಥೆ ಹುಟ್ಟಿದ್ದು 1916ರ ನವೆಂಬರಿನಲ್ಲಿ, ಒಂದು ಶಾಲೆಯಾಗಿ. ಸಪ್ತರ್ಷಿಗಳು ಎಂದು ಆ ಭಾಗದ ಜನ ಇಂದಿಗೂ ಕರೆಯುವ ಏಳು ಮಂದಿ ಅದನ್ನು ಕಟ್ಟಿದರು. ಬಸವನಾಳ, ಸಾಖರೆ, ಹಂಚಿನಾಳ, ಕಟ್ಟೀಮನಿ, ಮಮದಾಪುರ, ಚಿಕ್ಕೋಡಿ, ಪಾಟೀಲ. ಮಾಸ್ತರಿಕೆಯ ಸಂಬಳದಲ್ಲಿ ಬದುಕಿ, ಉಳಿದದ್ದನ್ನು ಸಂಸ್ಥೆಗೆ ಸುರಿದವರು. ಶಾಲೆಯಿಂದ ಕಾಲೇಜು, 1933ರಲ್ಲಿ ಲಿಂಗರಾಜ ಕಾಲೇಜು, 1947ರಲ್ಲಿ ಹುಬ್ಬಳ್ಳಿಯಲ್ಲಿ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು. ವೈದ್ಯಕೀಯ ಕಾಲೇಜು ಬಂದದ್ದು 1963ರಲ್ಲಿ, ಎಂದರೆ ಸಂಸ್ಥೆಗೆ ನಲವತ್ತೇಳು ವರ್ಷವಾದ ಮೇಲೆ. ಆಗಲೂ ಅವರು ಮೊದಲು ದೊಡ್ಡ ಆಸ್ಪತ್ರೆ ಕಟ್ಟಲಿಲ್ಲ. ಹುಡುಗರು ರೋಗಿಯ ನಾಡಿ ಹಿಡಿಯಲು ಕಲಿತದ್ದು ಬೆಳಗಾವಿಯ ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ. ಇಂದು ಸಾವಿರಾರು ರೋಗಿಗಳು ಹೋಗಿ ಬರುವ, ಮಹಾರಾಷ್ಟ್ರ ಗೋವಾಗಳಿಂದಲೂ ಜನ ಹುಡುಕಿಕೊಂಡು ಬರುವ ಅವರ ಸ್ವಂತ ದೊಡ್ಡ ಆಸ್ಪತ್ರೆ ಎದ್ದದ್ದು ಅದಾದ ಮೂರು ದಶಕದ ಮೇಲೆ. ಕಲಬುರಗಿಯ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜೂ 1963ರದೇ. ದಾವಣಗೆರೆಯದು 1965ರದು. ಅವೂ ಸಾಲು ಹಿಡಿದು ಬೆಳೆದವೇ ಹೊರತು ಒಂದೇ ನೆಗೆತಕ್ಕೆ ಬೆಳೆಯಲಿಲ್ಲ.

ಜೆ.ಎಸ್.ಎಸ್. ನಮಗೆ ಹತ್ತಿರದ್ದು. ಸುತ್ತೂರಿನ ರಾಜೇಂದ್ರ ಮಹಾಸ್ವಾಮಿಗಳು ಮೈಸೂರಿಗೆ ಬಂದು ಮೊದಲು ಮಾಡಿದ್ದು ಹಳ್ಳಿಯ ಹುಡುಗರಿಗೆ ಊಟ ವಸತಿಯ ಏರ್ಪಾಡು. ರೇಷನ್ನಿನ ಕಷ್ಟಕಾಲದಲ್ಲಿ ಹುಡುಗರ ಊಟ ನಿಲ್ಲಬಾರದೆಂದು ಮಠದ ಚಿನ್ನದ ಕರಡಿಗೆಯನ್ನೇ ಕೈಬಿಟ್ಟರೆಂದು ಮೈಸೂರು ಕಡೆಯ ಹಿರಿಯರು ಹೇಳುತ್ತಾರೆ. 1954ರಲ್ಲಿ ಮಹಾವಿದ್ಯಾಪೀಠ. ಎಪ್ಪತ್ತರ ದಶಕದಲ್ಲಿ ಔಷಧ ವಿಜ್ಞಾನದ ಕಾಲೇಜು. ವೈದ್ಯಕೀಯ ಕಾಲೇಜು 1984ರಲ್ಲಿ. ಪೂಜ್ಯರು ಲಿಂಗೈಕ್ಯರಾದದ್ದು 1986ರಲ್ಲಿ, ಎಂದರೆ ಅವರು ತಾವು ಹಚ್ಚಿದ ದೀಪದ ಪೂರ್ತಿ ಬೆಳಕನ್ನು ಕಣ್ಣಾರೆ ಕಾಣಲಿಲ್ಲ. ಇಂದು ಅಲ್ಲಿರುವುದು ಸುಮಾರು 1,800 ಹಾಸಿಗೆ. ನಮ್ಮವರು ಮೈಸೂರಿಗೆ ಹೋದಾಗ ಆ ಭಾರಿ ಕಟ್ಟಡವನ್ನು ನೋಡಿ ಬರುತ್ತಾರೆ. ಅದರ ಬುನಾದಿ ಇರುವುದು ಮೂವತ್ತು ವರ್ಷದ ಅನ್ನದ ಲೆಕ್ಕಪುಸ್ತಕದಲ್ಲಿ. ಅಲ್ಲಿ ಉಂಡು ಓದಿದ ಹುಡುಗರೇ ಮುಂದೆ ಮಾಸ್ತರರೂ ವೈದ್ಯರೂ ಗುಮಾಸ್ತರೂ ಆಗಿ ಸಂಸ್ಥೆಯನ್ನು ಹೊತ್ತರು.

ಅದೇ ಮೈಸೂರಿನಲ್ಲಿ 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಇದೆ. ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ. ಹೆಂಗಸರು ಮಕ್ಕಳಿಗಾಗಿ ಆರಂಭವಾದದ್ದು. ಪರಧರ್ಮದವರ ಕೆಲಸವನ್ನು ನಾವು ಮತಾಂತರದ ಒಂದೇ ಕನ್ನಡಕದಲ್ಲಿ ನೋಡುವುದುಂಟು. ಗಂಡು ವೈದ್ಯರೆದುರು ನಿಲ್ಲಲು ಹಿಂಜರಿಯುತ್ತಿದ್ದ ನಮ್ಮ ಮನೆಗಳ ಹೆಂಗಸರು ಆ ಕಾಲದಲ್ಲಿ ಯಾರ ಬಾಗಿಲಿಗೆ ಹೋದರು, ಅಲ್ಲಿ ಅವರ ಕೈ ಹಿಡಿದ ನರ್ಸಮ್ಮ ಯಾರು ಎಂಬುದನ್ನೂ ಒಪ್ಪಿಕೊಳ್ಳಬೇಕು. ಅವರು ಕಟ್ಟಡದಷ್ಟೇ ಕಾಳಜಿಯಿಂದ ದಾದಿಯರನ್ನು ತಯಾರು ಮಾಡಿದರು. ನಾವು ಡಾಕ್ಟರುಗಳನ್ನು ತಯಾರು ಮಾಡಿದೆವು. ನರ್ಸ್ ಕೆಲಸ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ತಕ್ಕದ್ದಲ್ಲ ಎಂದುಕೊಂಡು ಎರಡು ತಲೆಮಾರು ಕಳೆದೆವು. ಕಾಯಕದಲ್ಲಿ ಮೇಲುಕೀಳಿಲ್ಲ ಎಂದು ವೇದಿಕೆಯ ಮೇಲೆ ಹೇಳುವ ನಮಗೆ ಇದು ಚುಚ್ಚಬೇಕು. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೂ ಇದ್ದ, ಸೂಳೆ ಸಂಕವ್ವೆಯೂ ಇದ್ದಳು, ಸತ್ಯಕ್ಕನೂ ಇದ್ದಳು. ಯಾರ ಕಾಯಕವನ್ನು ಯಾರೂ ಹೀಯಾಳಿಸಿದ್ದಿಲ್ಲ.

ಇನ್ನು ನನ್ನದೇ ಒಂದು ತಪ್ಪಿನ ಕಥೆ. ಹೆಸರು, ಊರು ಬೇಡ. ತೊಂಬತ್ತರ ದಶಕದಲ್ಲಿ ನಾನು ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿದ್ದಾಗ ಒಂದು ಮೂವತ್ತು ಹಾಸಿಗೆಯ ಆಸ್ಪತ್ರೆಯ ಕೆಲಸ ನನ್ನ ಪಾಲಿಗೆ ಬಂತು. ಒಳ್ಳೆಯ ಕಲ್ಲು, ಒಳ್ಳೆಯ ಕಂಟ್ರಾಕ್ಟರು, ಗಡುವಿಗೆ ಮೊದಲೇ ಮುಗಿಸಿ ಹಸ್ತಾಂತರ ಮಾಡಿದೆ. ಮೇಲಧಿಕಾರಿಗಳು ಬೆನ್ನು ತಟ್ಟಿದರು. ಎರಡು ವರ್ಷದ ನಂತರ ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋಗುವಾಗ ಒಳಗೆ ಹೊಕ್ಕು ನೋಡಿದೆ. ಆಪರೇಷನ್ ಥಿಯೇಟರಿನಲ್ಲಿ ಸೊಳ್ಳೆಪರದೆಯ ಮೂಟೆಗಳು, ಮುರಿದ ಕುರ್ಚಿಗಳು. ಆಟೋಕ್ಲೇವ್ ಮರದ ಪೆಟ್ಟಿಗೆಯಿಂದ ಹೊರಗೇ ಬಂದಿರಲಿಲ್ಲ. ಅದಕ್ಕೆ ಬೇಕಾದ ವಿದ್ಯುತ್ತಿಗೆ ಟ್ರಾನ್ಸ್‌ಫಾರ್ಮರ್ ಮಂಜೂರಾಗಿರಲಿಲ್ಲ. ಅದು ಬೇರೆ ಇಲಾಖೆಯ ಕೆಲಸ, ನಾನು ಪತ್ರ ಬರೆದು ಕೈ ತೊಳೆದುಕೊಂಡಿದ್ದೆ. ನೀರಿನ ಓವರ್‌ಹೆಡ್ ಟ್ಯಾಂಕ್ ಗಟ್ಟಿಮುಟ್ಟಾಗಿತ್ತು, ಕೆಳಗಿನ ಕೊಳವೆಬಾವಿ ಮಾರ್ಚಿಗೇ ಬತ್ತಿತ್ತು. ಕೊಳವೆಬಾವಿಯ ಇಳುವರಿ ಪರೀಕ್ಷೆಯನ್ನು ನಾನು ಮಾಡಿಸಿದ್ದು ಅಕ್ಟೋಬರಿನಲ್ಲಿ, ಮಳೆ ಬಿದ್ದು ಕೆರೆ ತುಂಬಿದ್ದಾಗ. ನರ್ಸ್ ಕ್ವಾರ್ಟರ್ಸ್ ಊರ ಹೊರಗೆ ಒಂಟಿಯಾಗಿತ್ತು, ಬೀದಿದೀಪವಿಲ್ಲ, ಕಾಂಪೌಂಡಿಲ್ಲ. ಹೆಣ್ಣುಮಗಳೊಬ್ಬಳು ಅಲ್ಲಿ ರಾತ್ರಿ ಹೇಗಿದ್ದಾಳು ಎಂದು ನಕ್ಷೆ ಬರೆದವರು ಯೋಚಿಸಲಿಲ್ಲ, ಕಟ್ಟಿದ ನಾನೂ ಯೋಚಿಸಲಿಲ್ಲ. ರಾತ್ರಿ ಹೆರಿಗೆ ನೋವು ಬಂದವರನ್ನು ಬೇರೆ ಊರಿಗೆ ಕಳಿಸುತ್ತಿದ್ದರು. ಕಾವಲುಗಾರ ನನ್ನನ್ನು ಗುರುತು ಹಿಡಿದು, “ಸಾರ್, ಬಿಲ್ಡಿಂಗ್ ಮಾತ್ರ ಒಂದು ಬಿರುಕೂ ಬಿಟ್ಟಿಲ್ಲ” ಎಂದ. ಹೊಗಳಿಕೆಯೆಂದೇ ಹೇಳಿದ. ಊರಿಗೆ ಬಂದು ಎರಡು ದಿನ ಅನ್ನ ಸೇರಲಿಲ್ಲ.

ಅದಕ್ಕೇ ಈಗ ಮೇಜಿನ ಮೇಲಿರುವ ನಕ್ಷೆಗೆ ಸ್ವಲ್ಪ ಲೆಕ್ಕ ಹಾಕಿದೆ. ಓದುಗರು ಬೇಸರಿಸಬಾರದು.

ನೀರು. ನೂರು ಹಾಸಿಗೆಯವರೆಗಿನ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ ದಿನಕ್ಕೆ 340 ಲೀಟರ್ ಎಂದು ಭಾರತೀಯ ಮಾನಕ ಹೇಳುತ್ತದೆ. ಬಟ್ಟೆ ಒಗೆಯುವುದೂ ಸೇರಿ. ನೂರು ದಾಟಿದರೆ 450 ಲೀಟರ್. ನೂರು ಹಾಸಿಗೆಗೆ ದಿನಕ್ಕೆ 34,000 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ ಏಳು ಟ್ಯಾಂಕರ್, ಭಾನುವಾರವೂ ಬಿಡದೆ. ಮಾಗಡಿ, ಕನಕಪುರದ ಕಡೆ ಏಪ್ರಿಲ್ ತಿಂಗಳಲ್ಲಿ ಒಂದು ಟ್ಯಾಂಕರಿಗೆ ಎಷ್ಟು ಕೇಳುತ್ತಾರೆಂದು ನಾನು ಹೇಳಬೇಕಿಲ್ಲ. ಒಳಗೆ ಹೋದ ನೀರು ಹೊರಗೂ ಬರಬೇಕು. ಅದನ್ನು ಶುದ್ಧೀಕರಿಸದೆ ಪಕ್ಕದ ಹಳ್ಳಕ್ಕೆ ಬಿಡುವಂತಿಲ್ಲ. ರಕ್ತ ಹತ್ತಿದ ಹತ್ತಿ, ಸಿರಿಂಜು, ಸೂಜಿ ಇವಕ್ಕೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಹಳದಿ, ಕೆಂಪು, ಬಿಳಿ, ನೀಲಿ ಎಂದು ಬೇರೆ ಬೇರೆ ವಿಲೇವಾರಿ ಆಗಬೇಕು. ನಕ್ಷೆಯಲ್ಲಿ ಇದಕ್ಕೊಂದು ಕೋಣೆ ಬಿಟ್ಟಿರಲಿಲ್ಲ. ದಾನಿಗಳ ಫಲಕಕ್ಕೆ ಬಿಟ್ಟ ಜಾಗದಲ್ಲಿ ಅರ್ಧ ಸಾಕಿತ್ತು.

ಜನ. ಆರು ಹಾಸಿಗೆಗೆ ಒಬ್ಬ ನರ್ಸ್ ಎಂದು ಹಿಡಿದರೂ ಒಂದು ಪಾಳಿಗೆ ಹದಿನೇಳು ಮಂದಿ. ದಿನಕ್ಕೆ ಮೂರು ಪಾಳಿ. ರಜೆ, ಹೆರಿಗೆ ರಜೆ, ಬಿಟ್ಟುಹೋಗುವವರು ಎಂದು ಸೇರಿಸಿದರೆ ಅರವತ್ತೈದರ ಹತ್ತಿರ ಬರುತ್ತದೆ. ಐ.ಸಿ.ಯು. ಇದ್ದರೆ ಇನ್ನೂ ಹೆಚ್ಚು. ಬೆಂಗಳೂರು ಒಂದೂವರೆ ಗಂಟೆಯ ದಾರಿಯಲ್ಲಿರುವಾಗ, ಅಲ್ಲಿ ಹೆಚ್ಚು ಸಂಬಳ ಸಿಗುವಾಗ, ಇವರನ್ನು ಇಲ್ಲಿ ಉಳಿಸಿಕೊಳ್ಳುವ ದಾರಿ ಯಾವುದು? ತಜ್ಞ ವೈದ್ಯರ ಮಾತು ಹೇಳುವುದೇ ಬೇಡ. ನನ್ನ ಅನುಭವದಲ್ಲಿ, ಆಸ್ಪತ್ರೆ ಕಟ್ಟಲು ಆದಷ್ಟೇ ಹಣ ಅದನ್ನು ಎರಡು ಮೂರು ವರ್ಷ ನಡೆಸುವಷ್ಟರಲ್ಲಿ ಖರ್ಚಾಗಿ ಹೋಗುತ್ತದೆ. ಕಟ್ಟಡ ಐವತ್ತು ವರ್ಷ ಬಾಳುತ್ತದೆ, ಯಂತ್ರಗಳು ಏಳೆಂಟು ವರ್ಷ.

ಹಾಗಾದರೆ ಹಣ ಎಲ್ಲಿಂದ ಬರುತ್ತದೆ? ರೋಗಿಯಿಂದ. ಇಲ್ಲೇ ನನಗೆ ಎಲ್ಲಕ್ಕಿಂತ ಹೆಚ್ಚಿನ ಭಯ ಇರುವುದು. ದಾಸೋಹದ ಹೆಸರಿನಲ್ಲಿ ಶುರುವಾದ ಆಸ್ಪತ್ರೆ ಸಾಲದ ಕಂತು ಕಟ್ಟಲು ಸ್ಕ್ಯಾನಿಂಗ್ ಬರೆಯುತ್ತದೆ, ಬೇಡದ ಸಿಸೇರಿಯನ್ ಮಾಡುತ್ತದೆ, ಕೊನೆಗೆ ಬಿಲ್ ಕಟ್ಟದಿದ್ದರೆ ಶವ ಬಿಡುವುದಿಲ್ಲ ಎನ್ನುವ ಹಂತಕ್ಕೂ ಬರುತ್ತದೆ. ಯಾವುದೋ ಒಂದು ಸಂಸ್ಥೆಯನ್ನು ಬೊಟ್ಟು ಮಾಡಿ ಹೇಳುತ್ತಿಲ್ಲ. ನಾಡಿನಲ್ಲಿ ಎಲ್ಲ ಜಾತಿ ಧರ್ಮದ ಟ್ರಸ್ಟ್ ಆಸ್ಪತ್ರೆಗಳ ಬಗ್ಗೆಯೂ ಜನ ಆಡುವ ಮಾತು ಇದು, ನಮ್ಮವರ ಬಗ್ಗೆಯೂ ಆಡುತ್ತಾರೆ. ಮಠದ ಕಾವಿಯ ಬಣ್ಣ ಬಳಿದ ಗೇಟಿನೊಳಗೆ ಹಾಗಾದರೆ ಹೋಗುವುದು ಮಠದ ಮಾನ ಮಾತ್ರವಲ್ಲ, ಬಸವಣ್ಣನವರ ಹೆಸರು. ಹಾಗೆಂದು ದೊಡ್ಡದಾಗಿ ಬೆಳೆದ ಸಂಸ್ಥೆಗಳು ಕೆಟ್ಟವೆಂದಲ್ಲ. ಅಲ್ಲಿ ಆದ ಹೃದಯದ ಆಪರೇಷನ್‌ನಿಂದ ಬದುಕಿ ಬಂದ ಬಂಧುಗಳು ನಮ್ಮ ಮನೆಯಲ್ಲೇ ಇದ್ದಾರೆ. ಬೆಳವಣಿಗೆಗೆ ಬೆಲೆ ತೆರಬೇಕಾಗುತ್ತದೆ, ಆ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ಗುದ್ದಲಿ ಹಾಕುವ ಮೊದಲೇ ಹೇಳಿಬಿಡಬೇಕು.

2023ರಲ್ಲಿ ವೈದ್ಯಕೀಯ ಕಾಲೇಜು ರಾಮನಗರಕ್ಕೋ ಕನಕಪುರಕ್ಕೋ ಎಂದು ರಾಮನಗರ ಬಂದ್ ಆದದ್ದು ಎಲ್ಲರಿಗೂ ನೆನಪಿದೆ. ಅಂದು ಬಂದ್ ಮಾಡಿದವರ ನೋವು ನನಗೆ ಅರ್ಥವಾಗುತ್ತದೆ. ನಾಳೆ ಜಿಲ್ಲೆಯಲ್ಲಿ ಸರ್ಕಾರದ ಕಾಲೇಜು ಎಲ್ಲೇ ಆಗಲಿ, ಒಂದಲ್ಲ ಎರಡೇ ಆಗಲಿ, ನಮ್ಮ ಮಠಗಳು ಅದಕ್ಕೆ ಪೈಪೋಟಿ ಕೊಡುವ ಕೆಲಸಕ್ಕೆ ಕೈ ಹಾಕಬಾರದು. ಸರ್ಕಾರದಿಂದ ಆಗದ, ಖಾಸಗಿಯವರು ಲಾಭವಿಲ್ಲವೆಂದು ಬಿಟ್ಟ ಕೆಲಸ ಬೇಕಾದಷ್ಟಿದೆ.

ಒಂದು ಉದಾಹರಣೆ ಹೇಳುತ್ತೇನೆ. ನನಗೆ ಗೊತ್ತಿರುವ ಕನಕಪುರ ಕಡೆಯ ಹಿರಿಯರೊಬ್ಬರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಹತ್ತಿರದಲ್ಲಿ ಸರದಿ ಸಿಗದೆ ಬೆಂಗಳೂರಿಗೆ ಹೋಗುತ್ತಿದ್ದರು. ಚಿಕಿತ್ಸೆ ಉಚಿತವೇ. ಬೆಳಗಿನ ನಾಲ್ಕು ಗಂಟೆಗೆ ಹೊರಡಬೇಕು, ಜೊತೆಗೆ ಮಗ ಬರಬೇಕು, ಮಗನಿಗೆ ರೇಷ್ಮೆ ಫಿಲೇಚರಿನಲ್ಲಿ ಆ ದಿನದ ಕೂಲಿ ಇಲ್ಲ. ಐದು ತಿಂಗಳಾದ ಮೇಲೆ ಅಜ್ಜ ವಾರಕ್ಕೆ ಎರಡೇ ಸಲ ಸಾಕು ಎಂದರು. ಆಮೇಲೆ ಒಂದೇ. ಮಗನ ಕೂಲಿ ಉಳಿಸಲು ಹಾಗೆ ಮಾಡುತ್ತಿದ್ದರೆಂದು ನಮಗೆ ಗೊತ್ತಾದದ್ದು ಅವರು ಲಿಂಗೈಕ್ಯರಾದ ಮೇಲೆ. ಆ ಮನೆಗೆ ಬೇಕಿದ್ದದ್ದು ನೂರು ಹಾಸಿಗೆಯಲ್ಲ. ವಾರಕ್ಕೆ ಮೂರು ದಿನ ಒಂದು ವ್ಯಾನು, ಹತ್ತಿರದಲ್ಲಿ ನಾಲ್ಕು ಯಂತ್ರ, ಅವನ್ನು ನೋಡಿಕೊಳ್ಳುವ ಇಬ್ಬರು ತಂತ್ರಜ್ಞರು.

ನಮ್ಮ ಕಡೆಯ ರೋಗಗಳೂ ನಮ್ಮ ಕಸುಬಿನಿಂದಲೇ ಬಂದವು. ಬಿಸಿನೀರಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯುವವರ ಬೆರಳು ಹುಣ್ಣಾಗುತ್ತವೆ, ಉಬ್ಬಸ ಬರುತ್ತದೆ. ಚನ್ನಪಟ್ಟಣದಲ್ಲಿ ಬೊಂಬೆಗೆ ಮರ ಕಡೆಯುವವರಿಗೆ ಹೊಟ್ಟಿನ ಧೂಳು. ಕನಕಪುರ, ಮಾಗಡಿಯ ಕಲ್ಲುಕ್ವಾರಿಯವರಿಗೆ ಕಲ್ಲಿನ ಧೂಳು ಶ್ವಾಸಕೋಶ ಸೇರಿ ನಲವತ್ತಕ್ಕೇ ಮುದುಕರಾಗುತ್ತಾರೆ. ಹಾವು ಕಡಿತ ಬೇರೆ. ಹತ್ತು ಪಥದ ಹೆದ್ದಾರಿ ಬಂದ ಮೇಲೆ ಅಪಘಾತಗಳು. ಇವುಗಳಲ್ಲಿ ಹೆಚ್ಚಿನದಕ್ಕೆ ಮೊದಲು ಬೇಕಾದದ್ದು ಹಳ್ಳಿಗೆ ಹೋಗಿ ನೋಡುವ ಕಣ್ಣು. ತೊಂಬತ್ತು ವರ್ಷದ ಹಿಂದೆ ಕ್ಲೋಸ್‌ಪೇಟೆ ಘಟಕ ಮಾಡಿದ್ದೂ ಅದನ್ನೇ.

ಆದ್ದರಿಂದ ಆ ಭಕ್ತರಿಗೆ ನಾನು ಬರೆದು ಕೊಡಲಿರುವುದು ಹೀಗಿದೆ. ಎರಡು ಎಕರೆಯಲ್ಲಿ ಮೊದಲ ಹಂತಕ್ಕೆ ನೆಲಮಹಡಿ ಮಾತ್ರ. ಹತ್ತು ಹಾಸಿಗೆ, ಹೊರರೋಗಿ ವಿಭಾಗ, ಲ್ಯಾಬು, ಡಯಾಲಿಸಿಸ್. ಬುನಾದಿಯನ್ನು ಮೂರು ಮಹಡಿಗೆ ತಾಳುವಂತೆ ಹಾಕಿಡೋಣ, ಅದಕ್ಕೆ ಹೆಚ್ಚು ಖರ್ಚಾಗುವುದಿಲ್ಲ. ಮೊದಲ ಮಹಡಿಯನ್ನು ನಮ್ಮ ಮೊಮ್ಮಕ್ಕಳು ಕಟ್ಟಲಿ. ಈಗ ಕೂಡಿರುವ ಹಣದಲ್ಲಿ ಕಟ್ಟಡಕ್ಕೆ ಅರ್ಧಕ್ಕಿಂತ ಹೆಚ್ಚು ಮುಟ್ಟಬಾರದು. ಉಳಿದರ್ಧ ಬ್ಯಾಂಕಿನಲ್ಲಿ ಠೇವಣಿ, ಅದರ ಬಡ್ಡಿ ಮಾತ್ರ ಖರ್ಚಿಗೆ. ಅದಕ್ಕೆ ಮಠದ ಹೊರಗಿನ ಲೆಕ್ಕಪರಿಶೋಧಕರಿರಲಿ, ವರ್ಷದ ಜಮಾಖರ್ಚನ್ನು ಜಾತ್ರೆಯ ದಿನ ಎಲ್ಲರ ಮುಂದೆ ಓದಲಿ. ಲೆಕ್ಕ ಕೇಳುವುದು ಗುರುನಿಂದೆಯಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ, ಯಶಸ್ವಿನಿ ಇವುಗಳ ನೋಂದಣಿ ಮೊದಲ ವರ್ಷವೇ ಆಗಬೇಕು. ಹಾಲಿನ ಡೇರಿಯ ಸದಸ್ಯರಾದ ನಮ್ಮ ರೈತರಿಗೆ ಯಶಸ್ವಿನಿ ಎಷ್ಟು ಉಪಕಾರ ಮಾಡಿದೆ ಎಂದು 2003ರಿಂದ ನೋಡುತ್ತಿದ್ದೇವೆ.

ಊರಿನವರಿಂದ ಒಮ್ಮೆಲೇ ದೊಡ್ಡ ದೇಣಿಗೆ ಕೇಳುವುದಕ್ಕಿಂತ ಸುಗ್ಗಿ ಸುಗ್ಗಿಗೆ ಒಂದು ಮೂಟೆ ಕೇಳೋಣ. ಡೇರಿಗೆ ಹಾಲು ಹಾಕುವವರು ತಿಂಗಳಿಗೆ ಒಂದು ದಿನದ ಹಾಲಿನ ಹಣ ಕೊಡಬಹುದು, ಗೂಡು ಮಾರುವವರು ಒಂದು ಕಿಲೋ ಗೂಡಿನ ಬೆಲೆ ಕೊಡಬಹುದು. ಹೀಗೆ ಕೊಡುವವರಿಗೆ ಆಸ್ಪತ್ರೆಯನ್ನು ಕೇಳುವ ಹಕ್ಕೂ ಇರುತ್ತದೆ. ಕೋಟಿ ಕೊಟ್ಟವರು ಟ್ರಸ್ಟಿಯಾಗಿ ಮಗನಿಗೆ ಅಧ್ಯಕ್ಷಗಿರಿ ಬಿಟ್ಟುಹೋಗುವುದನ್ನು ನಾವು ಸಾಕಷ್ಟು ನೋಡಿದ್ದೇವೆ.

ಮಠದ ವಿದ್ಯಾರ್ಥಿನಿಲಯದ ಹೆಣ್ಣುಮಕ್ಕಳಲ್ಲಿ ವರ್ಷಕ್ಕೆ ನಾಲ್ವರನ್ನು ಆರಿಸಿ ನರ್ಸಿಂಗ್ ಓದಿಸಬೇಕು. ಜಾತಿ ಕೇಳದೆ. ಓದಿದ ಮೇಲೆ ಐದು ವರ್ಷ ಇಲ್ಲಿ ಕೆಲಸ, ಬೆಂಗಳೂರಿನ ಸಂಬಳಕ್ಕೆ ಹತ್ತಿರದ ಸಂಬಳ. ದಾದಿಯರ ವಸತಿ ಆಸ್ಪತ್ರೆಯ ಆವರಣದೊಳಗೇ ಇರಬೇಕು, ಗೇಟಿಗೆ ದೀಪವಿರಬೇಕು. ಇದನ್ನು ನಕ್ಷೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ರಾಮನಗರದ ಜಿಲ್ಲಾ ಆಸ್ಪತ್ರೆಯ ಹತ್ತಿರ ರೋಗಿಯ ಕಡೆಯವರಿಗೆ ಮಲಗಲು ಜಾಗ, ಎರಡು ಹೊತ್ತಿನ ಪ್ರಸಾದದ ವ್ಯವಸ್ಥೆಯನ್ನು ಮಠಗಳು ಸೇರಿ ನಡೆಸುವುದಾದರೆ ಅದಕ್ಕೆ ಆಪರೇಷನ್ ಥಿಯೇಟರೂ ಬೇಡ, ಲೈಸೆನ್ಸೂ ಬೇಡ. ನಾಳೆಯೇ ಶುರು ಮಾಡಬಹುದು. ಅನ್ನ ನೀಡುವುದರಲ್ಲಿ ನಮ್ಮ ಮಠಗಳಿಗೆ ಯಾರೂ ಪಾಠ ಹೇಳಬೇಕಿಲ್ಲ.

ಯುವಕರು ಕೆಲವರು ಇದನ್ನು ಕೇಳಿ, “ಇದು ಬಹಳ ಸಣ್ಣದಾಯಿತು, ಜನ ದುಡ್ಡು ಕೊಡುವುದಿಲ್ಲ, ದೊಡ್ಡದು ತೋರಿಸಿದರೇ ಕೊಡುತ್ತಾರೆ” ಎಂದರು. ಅವರ ಮಾತಿನಲ್ಲ್ಲಿ ನಿಜವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಕೆಲವರು ಕೊಡದೇ ಇರಬಹುದು. ಕೊಡುವವರು ಕಡಿಮೆಯಾದರೆ ಹತ್ತರ ಬದಲು ಆರು ಹಾಸಿಗೆ ಮಾಡೋಣ.

ಕೊನೆಯದಾಗಿ ಒಂದು ಕೆಲಸ ಬಾಕಿ ಇದೆ. ಆ ಜಮೀನಿನಲ್ಲಿ ಒಂದು ಹಳೆಯ ಕೊಳವೆಬಾವಿ ಇದೆಯಂತೆ, ಎರಡೂವರೆ ಇಂಚು ನೀರಿದೆ ಎಂದು ಹೇಳಿದರು. ಯಾವ ತಿಂಗಳಲ್ಲಿ ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಸವ ಜಯಂತಿ ಬರುವುದು ಬೇಸಿಗೆಯಲ್ಲೇ. ಗುದ್ದಲಿ ಪೂಜೆ ಒಂದು ತಿಂಗಳು ಮುಂದೆ ಹೋದರೂ ಚಿಂತೆಯಿಲ್ಲ, ಏಪ್ರಿಲ್ ಕೊನೆಯ ವಾರ ಪಂಪು ಇಳಿಸಿ ಇಪ್ಪತ್ತನಾಲ್ಕು ಗಂಟೆ ಬಿಡದೆ ಓಡಿಸಿ ನೋಡೋಣ ಎಂದು ಹೇಳಿ ಕಳಿಸಿದ್ದೇನೆ. ಪರೀಕ್ಷೆಯ ದಿನ ಅಲ್ಲಿ ನಾನೂ ಇರುತ್ತೇನೆ.